ಐದು ಬೆರಳು ಮಡಿಸುವ ಹೊತ್ತು

ತರಗತಿಯ ಕೊನೆಯ ಬೆಂಚಿನಲ್ಲಿ ಗೋಡೆಗೆ ತಾಗಿ ಕೂತವರಿಗೆ ಮುಖಗಳಿಗಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಯಾರು ನಿದ್ದೆಗೆ ಜಾರಿದ್ದಾರೆ, ಯಾರು ಬರೆಯುತ್ತಿದ್ದಾರೆ, ಯಾರು ಬರೆಯುವಂತೆ ನಟಿಸುತ್ತಿದ್ದಾರೆ ಎಂಬುದನ್ನು ಕುತ್ತಿಗೆ ನೋಡಿಯೇ ಬೆಂಚು ಮೇಡಂ ಹೇಳಬಲ್ಲರು. ಎಂಟು ವರ್ಷಗಳಿಂದ ಅವರ ಕೆಲಸವೇ ಅದು.

ನರ್ಸಿಂಗ್, ಫಾರ್ಮಸಿ, ಲ್ಯಾಬ್, ಫಿಸಿಯೋಥೆರಪಿ ಕಾಲೇಜುಗಳಲ್ಲಿ ಪಾಠ ಮಾಡುವವರಿಗೆಂದು ಐದು ದಿನಗಳ ತರಬೇತಿಯೊಂದಿದೆ. ರೋಗಿಯನ್ನು ನೋಡಿಕೊಳ್ಳುವುದು ಅವರಿಗೆ ಗೊತ್ತು. ಅದನ್ನು ಇನ್ನೊಬ್ಬರಿಗೆ ಕಲಿಸುವುದು ಹೇಗೆ ಎಂಬುದು ತರಬೇತಿಯ ವಿಷಯ. ಅದು ಮುಗಿದು ಆರು ತಿಂಗಳಾದ ಮೇಲೆ ಬೆಂಚು ಮೇಡಂ ಒಂದೊಂದೇ ಕಾಲೇಜಿಗೆ ಹೋಗಿ, ತರಗತಿಯ ಹಿಂದೆ ಕೂತು, ಕಲಿತದ್ದರಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡುತ್ತಾರೆ. ನೋಡಿ ಒಂದು ಹಾಳೆ ತುಂಬುತ್ತಾರೆ. ಹಾಳೆಗಳು ಸೇರಿ ವರದಿಯಾಗುತ್ತವೆ. ಮೂರು ವರ್ಷಕ್ಕೊಮ್ಮೆ ಸಮಿತಿಯೊಂದು ಆ ವರದಿ ನೋಡಿ ತರಬೇತಿ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುತ್ತದೆ.

ಬೆಂಚು ಮೇಡಂಗೆ ಐವತ್ತಾರು ವರ್ಷ. ಹನ್ನೊಂದು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದರು, ಆಮೇಲೆ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ವಾರ್ಡಿನ ದಿನಗಳಿಂದ ಉಳಿದುಕೊಂಡದ್ದು ಎದೆಯ ಮೇಲೆ ಪಿನ್ನಿನಲ್ಲಿ ತಲೆಕೆಳಗಾಗಿ ನೇತಾಡುವ ಗಡಿಯಾರ. ನಾಡಿ ಎಣಿಸಲು ನರ್ಸುಗಳು ಹಾಕಿಕೊಳ್ಳುವಂಥದ್ದು. ಈಗ ಅದರಲ್ಲಿ ಅವರು ಬೇರೆಯವರ ಮೌನ ಅಳೆಯುತ್ತಾರೆ.

ಯಾವ ಕಾಲೇಜಿಗೆ ಹೋದರೂ ಟೀಚರಿಗೆ ಅವರು ಹೇಳುವ ಮಾತು ಒಂದೇ: "ನಿಮ್ಮ ಪಾಡಿಗೆ ಪಾಠ ಮಾಡಿ. ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ." ಎಷ್ಟೋ ದಿನ ಬಸ್ಸಿನ ಟಿಕೆಟ್ ಕೇಳಿದ್ದು ಬಿಟ್ಟರೆ ಅವರು ಬಾಯಿ ತೆರೆದದ್ದು ಇಷ್ಟಕ್ಕೇ. ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಂದು ಕೋಣೆ ತಂಗಿಯದಾಗಿತ್ತು. ತಂಗಿ ನಲವತ್ತಮೂರಕ್ಕೆ ಮದುವೆಯಾಗಿ ಹೋದ ಮೇಲೆ ಆ ಕೋಣೆಯಲ್ಲಿ ಹಾಳೆಗಳ ಕಟ್ಟುಗಳಿವೆ. ಊಟದ ಮೇಜಿಗೆ ಎರಡು ಕುರ್ಚಿ. ಎರಡನೆಯದರ ಮೇಲೂ ಹಾಳೆಗಳೇ.

ಮಾತಿಗೆ ಅಂತ ಇದ್ದದ್ದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಅಕ್ಕನ ಫೋನ್ ಬರುತ್ತಿತ್ತು.

ಅಕ್ಕ ಅವರಿಗೆ ಒಡಹುಟ್ಟಿದವರಲ್ಲ. ಐದು ವರ್ಷ ದೊಡ್ಡವರು, ಅದೇ ನರ್ಸಿಂಗ್ ಕಾಲೇಜಿನಲ್ಲಿ ಜೊತೆಗೆ ಟ್ಯೂಟರ್ ಆಗಿದ್ದವರು. ಇಬ್ಬರಿಗೂ ಸೇರಿ ಒಂದೇ ಬೀರು, ಒಂದೇ ಕೀಲಿ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ಇವರೂ ಅಂದರು. ಇವರಿಗೆ 'ಬೆಂಚು' ಎಂದು ಹೆಸರಿಟ್ಟವರೂ ಅಕ್ಕನೇ. ಮೇಡಂ ಎಂಬ ಬಾಲವನ್ನು ಉಳಿದವರು ಅಂಟಿಸಿದರು.

ಈ ತರಬೇತಿ ಹುಟ್ಟಿದ್ದು ಒಂದು ಕೆಮ್ಮಿನಿಂದ. ಹನ್ನೊಂದು ವರ್ಷಗಳ ಹಿಂದೆ ಅಕ್ಕ ಪಾಠದ ನಡುವೆ, "ರಕ್ತ ಕೊಡ್ತಾ ಇರುವಾಗ ರೋಗಿಗೆ ಚಳಿ ಬಂದು ನಡುಗೋಕೆ ಶುರುವಾದ್ರೆ ಮೊದಲು ಏನ್ ಮಾಡ್ತೀರ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಎಂದಿನಂತೆ ತಾವೇ ಹೇಳಬೇಕು ಎನ್ನುವಷ್ಟರಲ್ಲಿ ಕೆಮ್ಮು ಹಿಡಿಯಿತು. ವರಾಂಡಕ್ಕೆ ಹೋಗಿ ನೀರು ಕುಡಿದು ಬಂದರು. ವರ್ಷವಿಡೀ ತುಟಿ ಬಿಚ್ಚದ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. "ಮೊದಲು ರಕ್ತ ನಿಲ್ಲಿಸ್ತೀನಿ ಮೇಡಂ. ಆಮೇಲೆ ಡಾಕ್ಟರಿಗೆ ಹೇಳ್ತೀನಿ."

ಆ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಮುಚ್ಚಿಟ್ಟು ಹೇಳಿದರು: "ಒಂದು ವರ್ಷದಿಂದ ಆ ಹುಡುಗಿ ಉತ್ತರ ನಾನು ಕದೀತಿದ್ದೆ ಕಣೇ."

ಎರಡು ವರ್ಷದ ಮೇಲೆ ಅಕ್ಕ ತರಬೇತಿ ಶುರು ಮಾಡಿದರು. ಅದರಲ್ಲಿ ಬೇರೆ ವಿಷಯಗಳೂ ಇದ್ದವು. ಆದರೆ ಬೆನ್ನೆಲುಬು ಇದೇ: ಪ್ರಶ್ನೆ ಕೇಳು, ಆಮೇಲೆ ಬಾಯಿ ಮುಚ್ಚು. ಮೊದಲ ಬ್ಯಾಚಿಗೆ ಹಾಳೆ, ಅಳತೆ ಏನೂ ಇರಲಿಲ್ಲ. ಕೊನೆಯ ದಿನ ಐದು ಮುಖಗಳ ಚಿತ್ರವಿದ್ದ ಒಂದು ಚೀಟಿ ಹಂಚುತ್ತಿದ್ದರು. ತರಬೇತಿ ಹೇಗಿತ್ತೆಂದು ಅಳುಮುಖದಿಂದ ನಗುಮುಖದವರೆಗೆ ಒಂದಕ್ಕೆ ಗುರುತು ಹಾಕಬೇಕು. ಎಲ್ಲರೂ ನಗುಮುಖಕ್ಕೇ ಹಾಕಿದರು. ಕೆಳಗೆ ಅಭಿಪ್ರಾಯ ಬರೆಯಲು ಬಿಟ್ಟ ಗೆರೆಯಲ್ಲಿ ಅರ್ಧಕ್ಕರ್ಧ ಜನ 'ಊಟ ಚೆನ್ನಾಗಿತ್ತು' ಎಂದು ಬರೆದಿದ್ದರು.

"ಮುಂದಿನ ಸಲ ಪಾಠನೂ ಅಡುಗೆಯವರಿಗೇ ವಹಿಸಿಬಿಡೋಣ," ಎಂದರು ಅಕ್ಕ.

ಸಮಿತಿ ನಗಲಿಲ್ಲ, ಪುರಾವೆ ಕೇಳಿತು. ಆಗ ಅಕ್ಕ ಇವರನ್ನು ಕಾಲೇಜು ಬಿಡಿಸಿ ಕರೆದುಕೊಂಡರು. "ಒಂದು ಕಡೆ ಕೂತು ಸುಮ್ಮನೆ ನೋಡೋ ತಾಳ್ಮೆ ನಿನ್ನೊಬ್ಬಳಿಗೇ ಇರೋದು." ಹಾಳೆಯನ್ನು ಇವರೇ ಸಿದ್ಧ ಮಾಡಿದರು. ಹನ್ನೊಂದು ಪ್ರಶ್ನೆ. ಏಳನೆಯದು: 'ಪ್ರಶ್ನೆ ಕೇಳಿದ ಮೇಲೆ ಟೀಚರ್ ಐದು ಸೆಕೆಂಡಾದರೂ ಕಾದರೇ? ಹೌದು / ಇಲ್ಲ.'

"ಐದೇ ಯಾಕೆ?" ಎಂದು ಅಕ್ಕ ಕೇಳಿದ್ದರು.

"ಏನೋ ಒಂದು ಬೇಕಲ್ಲ ಅಕ್ಕ. ಎಣಿಸದೇ ಇದ್ರೆ ಸಮಿತಿ ಒಪ್ಪಲ್ಲ."

"ಹಂಗಾದ್ರೆ ಐದೇ ಇರಲಿ. ಕೈಗೆ ಬೆರಳೂ ಐದೇ."

ಮೊದಲ ವರ್ಷದ ಹಾಳೆಗಳಲ್ಲಿ ಏಳನೇ ಪ್ರಶ್ನೆಗೆ 'ಇಲ್ಲ'ಗಳೇ ಹೆಚ್ಚು. ಬರಬರುತ್ತಾ 'ಹೌದು' ಹೆಚ್ಚಿತು. ಆರನೇ ವರ್ಷಕ್ಕೆ 'ಇಲ್ಲ' ಹುಡುಕಿದರೂ ಸಿಗದಂತಾಯಿತು. ಎರಡನೇ ವರದಿಯ ಮುಖಪುಟದಲ್ಲೇ ಆ ಏರುವ ಗೆರೆಯ ಚಿತ್ರ ಹಾಕಿದ್ದರು. ಸಮಿತಿಯ ಅಧ್ಯಕ್ಷರು, ನಿವೃತ್ತ ವೈದ್ಯರು, ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದರು. ಬೆಂಚು ಮೇಡಂ ಆ ಪುಟದ ಒಂದು ಪ್ರತಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು. ನೋಡುವವರು ಇನ್ಯಾರೂ ಇರಲಿಲ್ಲ. ಹಾಲು ಕಾಯುವವರೆಗೆ ಅವರೇ ನೋಡುತ್ತಿದ್ದರು.

ಮೂರನೇ ವರದಿಗೆ ಎರಡು ತಿಂಗಳು ಬಾಕಿ ಇದ್ದಾಗ ಅವರು ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೋದರು. ಆ ನರ್ಸಿಂಗ್ ಟ್ಯೂಟರ್ ಅಂದು ತರಗತಿಯಲ್ಲಿ ಅಲ್ಲ, ರೋಗಿಯ ಮಂಚದ ಬಳಿಯೇ ಪಾಠ ಮಾಡುವವರಿದ್ದರು. ಇಂಥ ಪಾಠಕ್ಕೆ ಕೊನೆಯ ಬೆಂಚು ಇರುವುದಿಲ್ಲ; ಬೆಂಚು ಮೇಡಂ ಸಾಮಾನ್ಯವಾಗಿ ವಿದ್ಯಾರ್ಥಿಗಳ ಹಿಂದೆ ನಿಲ್ಲುತ್ತಿದ್ದರು. ಆ ವಾರ್ಡು ಇಕ್ಕಟ್ಟು. ಆರು ವಿದ್ಯಾರ್ಥಿನಿಯರು ಮಂಚದ ಒಂದು ಮಗ್ಗುಲನ್ನೂ ಕಾಲ ಬಳಿಯನ್ನೂ ತುಂಬಿಕೊಂಡರು. ಟ್ಯೂಟರ್ ಇನ್ನೊಂದು ಮಗ್ಗುಲಲ್ಲಿ ಅವರಿಗೆ ಎದುರಾಗಿ ನಿಂತರು. ಬೆಂಚು ಮೇಡಂಗೆ ಉಳಿದದ್ದು ಟ್ಯೂಟರ್ ಬೆನ್ನ ಹಿಂದಿನ ಜಾಗ, ಪಕ್ಕದ ಮಂಚದ ತುದಿ.

"ಇವರ ಎರಡೂ ಪಾದ ಸಂಜೆ ಹೊತ್ತಿಗೆ ಊದುತ್ತೆ. ಯಾಕಿರಬಹುದು?" ಎಂದು ಟ್ಯೂಟರ್ ಕೇಳಿದರು.

ಕೇಳಿ, ಎರಡೂ ಕೈ ಹಿಂದೆ ಕಟ್ಟಿಕೊಂಡರು. ಬಲಗೈಯ ಕಿರುಬೆರಳು ಮಡಚಿಕೊಂಡಿತು. ಆಮೇಲೆ ಅದರ ಪಕ್ಕದ್ದು. ನಡುಬೆರಳು. ತೋರುಬೆರಳು. ಹೆಬ್ಬೆರಳು ಮಡಿಸಿದ ಕೂಡಲೇ ಟ್ಯೂಟರ್ ಬಾಯಿ ತೆರೆದರು. "ಹೃದಯ ಸರಿಯಾಗಿ ಪಂಪ್ ಮಾಡ್ತಿಲ್ಲ, ಅದಕ್ಕೆ ನೀರು ತುಂಬಿಕೊಳ್ಳುತ್ತೆ. ಸರಿ, ಮುಂದಕ್ಕೆ."

ಮಂಚದ ಕಾಲ ಬಳಿ ನಿಂತಿದ್ದ ಹುಡುಗಿಯ ತುಟಿ ಅದೇ ಕ್ಷಣಕ್ಕೆ ಬಿಚ್ಚಿಕೊಂಡದ್ದನ್ನು ಬೆಂಚು ಮೇಡಂ ನೋಡಿದರು. ಅದು ಮುಚ್ಚಿಕೊಂಡದ್ದನ್ನೂ ನೋಡಿದರು. ಎದೆಯ ಗಡಿಯಾರದಲ್ಲಿ ಸರಿಯಾಗಿ ಐದು ಸೆಕೆಂಡು.

ಒಂಬತ್ತು ಪ್ರಶ್ನೆ ಬಂದವು. ಒಂಬತ್ತು ಸಲವೂ ಬೆರಳು ಮಡಚಿಕೊಂಡವು, ಒಂಬತ್ತು ಉತ್ತರವೂ ಟ್ಯೂಟರ್ ಅವರದೇ. ಪಕ್ಕದ ಮಂಚದ ಅಜ್ಜಿ ಬೆಂಚು ಮೇಡಂ ಸೆರಗು ಜಗ್ಗಿ ಪಿಸುಗುಟ್ಟಿದರು. "ಪಾಪ, ಈ ಟೀಚರಮ್ಮನಿಗೆ ಕೈ ಜೋಮು ಹಿಡಿಯುತ್ತೇನೋ. ದಿನಾ ಹಿಂಗೇ ಮಡಿಸ್ತಾರೆ, ಬಿಡಿಸ್ತಾರೆ. ಯಾರಾದ್ರೂ ಡಾಕ್ಟರಿಗೆ ತೋರಿಸಬಾರದಾ? ಇಲ್ಲಿ ಇಷ್ಟೊಂದು ಜನ ಇದಾರೆ."

ಪಾಠ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಬೆಂಚು ಮೇಡಂ ಕೇಳಿದರು, "ಬೆರಳು ಮಡಿಸ್ತಿದ್ರಲ್ಲ?"

ಟ್ಯೂಟರ್ ಮುಖ ಅರಳಿತು. "ಗಮನಿಸಿದ್ರಾ ಮೇಡಂ? ತರಬೇತೀಲಿ ಅಕ್ಕ ಹೇಳಿಕೊಟ್ಟಿದ್ದು. ನಿಮ್ಮ ಹಾಳೇಲಿ ಐದು ಸೆಕೆಂಡು ಅಂತ ಇದೆಯಲ್ಲ, ಅದಕ್ಕೆ. ನಮ್ಮ ಬ್ಯಾಚಲ್ಲಿ ಎಲ್ಲರೂ ಹಿಂಗೇ ಮಾಡ್ತೀವಿ. ನೋಡಿ, ಇವತ್ತು ಒಂದು ಸಲಾನೂ ತಪ್ಪಿಸಿಲ್ಲ."

"ಹುಡುಗಿಯರು ಉತ್ತರ ಹೇಳಲಿಲ್ಲ."

"ಅಯ್ಯೋ, ಅವರು ಯಾವತ್ತು ಹೇಳ್ತಾರೆ ಮೇಡಂ? ಬಾಯಲ್ಲಿ ಬೆರಳಿಟ್ಟರೂ ಕಚ್ಚಲ್ಲ. ನಾವು ಕಾಯೋದು ಕಾದಿದೀವಿ."

ಏಳನೇ ಪ್ರಶ್ನೆಗೆ ಅಂದು ಬೆಂಚು ಮೇಡಂ ಹಾಕಿದ ಗುರುತು 'ಹೌದು'. ಹಾಳೆಯ ಪ್ರಕಾರ ಬೇರೇನೂ ಹಾಕುವಂತಿರಲಿಲ್ಲ.

ಮನೆಗೆ ಬಂದು ತಂಗಿಯ ಕೋಣೆಯಲ್ಲಿ ನೆಲದ ಮೇಲೆ ಕೂತು ಹಳೆಯ ಕಟ್ಟುಗಳನ್ನು ಬಿಚ್ಚಿದರು. ಕಳೆದ ಮೂರು ವರ್ಷಗಳದು ಇನ್ನೂರ ಹನ್ನೆರಡು ಹಾಳೆ. ಒಂದೂ 'ಇಲ್ಲ' ಇಲ್ಲ. ಯಾರು ಉತ್ತರ ಹೇಳಿದರು ಎಂಬುದೂ ಒಂದರಲ್ಲೂ ಇಲ್ಲ. ಅದನ್ನು ಹಾಳೆ ಕೇಳಿಯೇ ಇರಲಿಲ್ಲ. ತರಗತಿಯಲ್ಲಿ ಟೀಚರೇ ಉತ್ತರ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಆದರೆ ಆ ಹೊತ್ತಿಗೆ ಅವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು.

ಮುಂದಿನ ಮೂರು ಕಾಲೇಜುಗಳಲ್ಲಿ ಅವರು ಕೊನೆಯ ಬೆಂಚಿಗೆ ಹೋಗಲಿಲ್ಲ. ಬೋರ್ಡಿನ ಪಕ್ಕ ಕುರ್ಚಿ ಹಾಕಿಸಿಕೊಂಡರು. ಲ್ಯಾಬಿನ ಟೀಚರ್ ಟೆಸ್ಟ್ ಟ್ಯೂಬ್ ಸ್ಟ್ಯಾಂಡಿನ ತೂತುಗಳ ಮೇಲೆ ಬೆರಳನ್ನು ಒಂದೊಂದಾಗಿ ದಾಟಿಸುತ್ತಿದ್ದರು. ಫಾರ್ಮಸಿಯವರು ಬೋರ್ಡಿನಿಂದ ಕಿಟಕಿಗೆ ಐದು ಹೆಜ್ಜೆ ಹಾಕುತ್ತಿದ್ದರು, ಕಿಟಕಿ ಮುಟ್ಟಿದರೆ ಉತ್ತರ. ಇನ್ನೊಬ್ಬರು ಡಸ್ಟರನ್ನು ಅಂಗೈಗೆ ಐದು ಸಲ ಬಡಿದರು. ಬೆಂಚು ಮೇಡಂ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸದೊಂದು ಲೆಕ್ಕ ಇಟ್ಟರು: ಉತ್ತರ ಯಾರದು? ನಲವತ್ತೊಂದು ಪ್ರಶ್ನೆಗಳಲ್ಲಿ ಮೂವತ್ತೆಂಟಕ್ಕೆ ಉತ್ತರ ಹೇಳಿದವರು ಟೀಚರುಗಳು. ಉಳಿದ ಮೂರರಲ್ಲಿ ಒಮ್ಮೆ ಡಸ್ಟರ್ ಕೈಜಾರಿ ಬಿದ್ದಿತ್ತು, ಒಮ್ಮೆ ಬಾಗಿಲಲ್ಲಿ ಯಾರೋ ಕರೆದಿದ್ದರು, ಒಮ್ಮೆ ಟೀಚರಿಗೆ ಸೀನು ಬಂದು ಎಣಿಕೆ ತಪ್ಪಿತ್ತು.

ಆ ಫಾರ್ಮಸಿ ಕಾಲೇಜಿನ ಮೆಟ್ಟಿಲಲ್ಲಿ ಇಬ್ಬರು ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು.

"ಕಿಟಕಿ ತನಕ ತಲೆ ಬಗ್ಗಿಸಿದ್ರೆ ಸಾಕು ಕಣೇ. ಆಮೇಲೆ ಅವರೇ ಹೇಳ್ತಾರೆ."

"ನಂಗೆ ಗೊತ್ತಿತ್ತೇ. ಬಾಯಿ ತೆರೆಯೋಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು."

ಭಾನುವಾರ ಹನ್ನೊಂದಕ್ಕೆ ಫೋನ್ ಬಂತು.

"ಏನೇ ಬೆಂಚು, ಬದುಕಿದೀಯಾ?"

"ಇದೀನಿ ಅಕ್ಕ."

"ನನ್ನ ಮಂಡಿ ಇಲ್ಲ. ನಿನ್ನೆ ಮೆಟ್ಟಿಲಿಳೀತಾ ಕಟಕಟ ಅಂತು, ಹಿಂದೆ ಬರ್ತಿದ್ದೋರು ಕಡಲೆಕಾಯಿ ತಿಂತಿದೀರಾ ಅಂದ್ರು. ಇರಲಿ, ವರದಿ ಎಲ್ಲಿಗೆ ಬಂತು?"

"ಬರೀತಿದೀನಿ."

"ಗೆರೆ ಏರಿದೆ ತಾನೆ?"

"ಏರಿದೆ."

"ಮತ್ತೆ ಯಾಕೆ ನಿನ್ನ ದನಿ ಬಾವಿಗೆ ಬಿದ್ದಿದೆ?"

"ಬಂದು ಹೇಳ್ತೀನಿ ಅಕ್ಕ," ಎಂದರು ಬೆಂಚು ಮೇಡಂ.

ಮಂಗಳವಾರ ಹೋದರು. ತರಬೇತಿ ಕೋಣೆ ಖಾಲಿಯಿತ್ತು, ಇಪ್ಪತ್ನಾಲ್ಕು ಕುರ್ಚಿಗಳನ್ನು ದುಂಡಗೆ ಹಾಕಲಾಗಿತ್ತು. ಅಕ್ಕ ಬೋರ್ಡು ಒರೆಸುತ್ತಿದ್ದರು. ಬೆಂಚು ಮೇಡಂ ಪೆನ್ಸಿಲ್ ಗುರುತಿದ್ದ ಹಾಳೆಗಳನ್ನು ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು ಕಂಡದ್ದನ್ನೆಲ್ಲ ಹೇಳಿದರು. ಅಕ್ಕ ಕನ್ನಡಕ ಹಾಕಿಕೊಂಡು ಓದಿದರು. ಓದಿ ಕನ್ನಡಕ ತೆಗೆದರು.

"ಇದನ್ನ ಬರೀತೀಯಾ?"

"ಬರೀಬೇಕಲ್ಲ ಅಕ್ಕ."

"ಬರೆದ್ರೆ ನಿಲ್ಲಿಸ್ತಾರೆ. ಗೊತ್ತಲ್ಲ? ಅವರು ಓದೋದು ಮೊದಲ ಪುಟ ಮಾತ್ರ. ಒಂಬತ್ತು ವರ್ಷದ ಕೆಲಸ. ಈ ಕೋಣೆ ಯಾವುದೋ ಸ್ಟೋರ್ ಆಗುತ್ತೆ, ನಾನು ಮನೇಲಿ ಕೂತು ಮಂಡಿ ನೀವ್ಕೋಬೇಕು."

"ಸುಳ್ಳು ಬರೀಲಾ?"

"ಸುಳ್ಳು ಯಾಕೆ? ಹಾಳೇಲಿರೋದನ್ನ ಬರಿ. ಹಾಳೆ ಕೇಳಿದ್ದು ಕಾದರಾ ಅಂತ. ಕಾದರು."

"ಬೆರಳು ಮಡಿಸೋದನ್ನ ಯಾಕೆ ಹೇಳಿಕೊಟ್ಟೆ ಅಕ್ಕ?"

ಅಕ್ಕನಿಗೆ ಸಿಟ್ಟು ಬಂದದ್ದು ಆಗ. "ನಾನಾ? ನೀನು ಅಲ್ಲಿ ಗಡಿಯಾರ ನೇತಾಕ್ಕೊಂಡು ಕೂರ್ತೀಯ ಅಂತ. ಬಂದವರೆಲ್ಲ ಮೊದಲ ದಿನವೇ ಕೇಳೋರು: ಅಕ್ಕ, ಆ ಮೇಡಂ ಹಾಳೇಲಿ ಏನೇನಿರುತ್ತೆ? ಎಷ್ಟು ಸೆಕೆಂಡು? ಪಾಠ ಯಾರಿಗೂ ಬೇಡ, ಹಾಳೆ ಬೇಕು. ನಾನು ನೀರು ಕುಡಿಯೋಕೆ ಹೋಗೋದು ಬಿಟ್ಟೆ. ಬೆರಳು ಹೇಳಿಕೊಟ್ಟೆ. ಬರಿ ನೀನು, ಬೇಡ ಅನ್ನಲ್ಲ. ಆದ್ರೆ ಆ ಐದು ಯಾರದು ಅಂತಾನೂ ಬರಿ."

"ಬರೀತೀನಿ," ಎಂದರು ಬೆಂಚು ಮೇಡಂ.

ಅಕ್ಕ ಮತ್ತೆ ಬೋರ್ಡು ಒರೆಸಲು ನಿಂತರು. ಬೋರ್ಡಿನಲ್ಲಿ ಏನೂ ಉಳಿದಿರಲಿಲ್ಲ.

ವರದಿ ಬರೆಯಲು ಹನ್ನೆರಡು ದಿನ ಹಿಡಿಯಿತು. ಈ ಸಲ ಮುಖಪುಟದಲ್ಲಿ ಚಿತ್ರವಿಲ್ಲ. ಮೊದಲ ವಾಕ್ಯ ಹೀಗಿತ್ತು: 'ನಮ್ಮ ಟೀಚರುಗಳು ಕಾಯುವುದನ್ನು ಕಲಿತಿದ್ದಾರೆ, ಆದರೆ ಯಾರಿಗಾಗಿ ಕಾಯಬೇಕು ಎಂಬುದನ್ನು ಕಲಿತಿಲ್ಲ.' ಎರಡನೇ ಪುಟದಲ್ಲಿ, ಐದು ಸೆಕೆಂಡಿನ ಅಳತೆ ತಮ್ಮದು, ಅದಕ್ಕೆ ಯಾವ ಆಧಾರವೂ ಇರಲಿಲ್ಲ, ಅಳತೆಗೆ ತಕ್ಕಂತೆ ತರಬೇತಿ ಬಾಗಿತು, ಈ ತಪ್ಪು ತರಬೇತಿ ಕೊಟ್ಟವರದಲ್ಲ, ಅಳೆದವರದು ಎಂದು ಬರೆದರು. ಕೊನೆಯಲ್ಲಿ ಒಂದು ಸಲಹೆ: ಸೆಕೆಂಡು ಬಿಡಿ, ಉತ್ತರ ಹೇಳಿದವರು ಯಾರು ಎಂದು ಕೇಳಿ. ಒಂದು ಪ್ರತಿ ಅಕ್ಕನಿಗೆ ಕಳಿಸಿದರು. ಅಡುಗೆಮನೆಯ ಗೋಡೆಯಿಂದ ಆ ಗೆರೆಯ ಚಿತ್ರ ತೆಗೆದರು. ಅಂಟಿಸಿದ್ದ ನಾಲ್ಕು ಮೂಲೆಗಳಲ್ಲಿ ಸುಣ್ಣ ಕಿತ್ತುಬಂತು.

ಭಾನುವಾರ ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ಫೋನ್ ಸರಿಯಿದೆಯೇ ಎಂದು ತಂಗಿಗೆ ಮಾಡಿ ನೋಡಿದರು. ಸರಿಯಿತ್ತು.

ಸಮಿತಿಯ ಸಭೆ ತಿಂಗಳ ನಂತರ ನಡೆಯಿತು. ಉದ್ದನೆಯ ಮೇಜು, ಒಂದು ಕಡೆ ಅಕ್ಕ, ಇನ್ನೊಂದು ಕಡೆ ಬೆಂಚು ಮೇಡಂ. ಅಕ್ಕ ಫೈಲಿನಿಂದ ಕಣ್ಣೆತ್ತಲಿಲ್ಲ. ಅಧ್ಯಕ್ಷರು ವರದಿಯನ್ನು ಓದಿದ್ದರು. ಅಲ್ಲಲ್ಲಿ ಕೆಂಪು ಗೆರೆಗಳಿದ್ದವು.

"ತುಂಬಾ ಪ್ರಾಮಾಣಿಕವಾದ ವರದಿ," ಎಂದರು. "ನನಗೆ ಅರ್ಥವಾಗಿದ್ದು ಇಷ್ಟು. ಐದು ಸೆಕೆಂಡು ಸಾಲದು. ಹತ್ತು ಮಾಡೋಣ."

ಅಕ್ಕ ತಲೆ ಎತ್ತದೆಯೇ ಹೇಳಿದರು, "ಹತ್ತು ಅಂದ್ರೆ ಎರಡೂ ಕೈ ಬೇಕಾಗುತ್ತೆ ಸರ್."

ಯಾರಿಗೂ ತಿಳಿಯಲಿಲ್ಲ. ಬೆಂಚು ಮೇಡಂ ಒಬ್ಬರೇ ನಕ್ಕರು, ತಡೆಯಲಾಗದೆ, ಗಟ್ಟಿಯಾಗಿ. ನಕ್ಕು ಅಕ್ಕನ ಕಡೆ ನೋಡಿದರು. ಅಕ್ಕ ಪುಟ ತಿರುವಿದರು.

ತರಬೇತಿ ಇನ್ನೂ ಮೂರು ವರ್ಷ ಮುಂದುವರಿಯಲಿ ಎಂದು ತೀರ್ಮಾನವಾಯಿತು. ಅಳತೆ ಹತ್ತು ಸೆಕೆಂಡು. ಉತ್ತರ ಹೇಳಿದವರು ಯಾರು ಎಂಬುದು ಹನ್ನೆರಡನೇ ಪ್ರಶ್ನೆಯಾಗಿ ಸೇರಿತು. ತುಂಬಲೇಬೇಕೆಂದಿಲ್ಲ ಎಂಬ ಟಿಪ್ಪಣಿಯೊಂದಿಗೆ. ಹಿಂದೆ ಅಳತೆಗೆ ಸಿಗದೇ ಹೋದ ಮೊದಲ ಬ್ಯಾಚಿನವರನ್ನೂ ಈಗ ಹೋಗಿ ನೋಡಬೇಕು ಎಂದೂ ಅಧ್ಯಕ್ಷರು ಸೇರಿಸಿದರು.

ತರಬೇತಿ ನಿಂತರೆ ಅಕ್ಕನ ಸಿಟ್ಟು ಇಳಿಯುವುದಿಲ್ಲ ಎಂದು ಬೆಂಚು ಮೇಡಂ ಹೆದರಿದ್ದರು. ನಿಲ್ಲಲಿಲ್ಲ. ಹಾಗಾದರೆ ಬರುವ ಭಾನುವಾರ ಫೋನ್ ಬಂದೀತು ಎಂದುಕೊಂಡರು. ಬರಲಿಲ್ಲ. ಅದರಾಚೆಯ ಭಾನುವಾರವೂ ಇಲ್ಲ. ಅವರು ಹನ್ನೊಂದು ಗಂಟೆಗೆ ಬಟ್ಟೆ ಒಗೆಯುವುದನ್ನು ಇಟ್ಟುಕೊಂಡರು. ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಅಂದುಕೊಳ್ಳಬಹುದಿತ್ತು. ತಾವೇ ಏಕೆ ಮಾಡಲಿಲ್ಲ ಎಂದರೆ, ಎಂಟು ವರ್ಷದಲ್ಲಿ ಒಂದು ಸಲವೂ ತಾವಾಗಿ ಮಾಡಿದ್ದೇ ಇಲ್ಲ. ಆ ಕಡೆಯಿಂದ ಕೇಳುವುದು, ಈ ಕಡೆಯಿಂದ ಉತ್ತರಿಸುವುದು ಅಭ್ಯಾಸವಾಗಿತ್ತು. ಹೀಗೆ ಹದಿನಾರು ಭಾನುವಾರ ಕಳೆದವು.

ಮೊದಲ ಬ್ಯಾಚಿನವರಲ್ಲಿ ಕೆಲಸದಲ್ಲಿ ಉಳಿದಿದ್ದವರು ಕಡಿಮೆ. ಅವರಲ್ಲಿ ಮೊದಲು ಸಿಕ್ಕವರು ಒಬ್ಬ ಫಿಸಿಯೋಥೆರಪಿ ಟೀಚರ್, ಗಟ್ಟಿ ತೋಳಿನ ನಲವತ್ತರ ಹೆಂಗಸು. ಬೆಂಚು ಮೇಡಂ ಎಂದಿನ ಮಾತು ಹೇಳಿದರು: ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ.

"ಇದೀರಲ್ಲ, ಹೆಂಗೆ ಇಲ್ಲ ಅಂದ್ಕೊಳ್ಳಲಿ?" ಎಂದು ಆ ಟೀಚರ್ ನಕ್ಕರು. "ಇಲ್ಲಿ ಬನ್ನಿ, ಈ ದಿಂಬು ಸ್ವಲ್ಪ ಹಿಡ್ಕೊಳ್ಳಿ."

ಎತ್ತರದ ಬೆಂಚಿನ ಮೇಲೆ ಬಸ್ ಡ್ರೈವರ್ ಒಬ್ಬರು ಮಲಗಿದ್ದರು. ಮಂಡಿಯ ಆಪರೇಷನ್ ಆಗಿ ಆರು ವಾರ. ಟೀಚರ್ ಅವರ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದರು. ಸುತ್ತ ಎಂಟು ವಿದ್ಯಾರ್ಥಿಗಳು.

"ಇಲ್ಲಿವರೆಗೆ ಮಡಚುತ್ತೆ, ಇಲ್ಲಿಂದ ಮುಂದಕ್ಕೆ ಹೋಗ್ತಿಲ್ಲ. ಏನು ತಡೀತಾ ಇದೆ?"

ಯಾರೂ ಮಾತಾಡಲಿಲ್ಲ. ಟೀಚರೂ ಮಾತಾಡಲಿಲ್ಲ. ಅವರ ಎರಡು ಕೈಯೂ ಡ್ರೈವರ್ ಕಾಲಿನ ಕೆಳಗಿದ್ದವು, ಮಡಿಸಲು ಒಂದು ಬೆರಳೂ ಬಿಡುವಿರಲಿಲ್ಲ. ಬೆಂಚು ಮೇಡಂ ಗಡಿಯಾರ ನೋಡಿದರು. ಹತ್ತು ದಾಟಿತು, ಇಪ್ಪತ್ತು ದಾಟಿತು. ಒಬ್ಬ ಹುಡುಗಿ ಬೂಟಿನ ತುದಿ ನೋಡಿದಳು, ಇನ್ನೊಬ್ಬ ಗೋಡೆಯ ಮೂಳೆಗಳ ಚಿತ್ರ ನೋಡಿದ. ಡ್ರೈವರ್ ಕತ್ತೆತ್ತಿ ಹೇಳಿದರು, "ಯಾರಾದ್ರೂ ಬೇಗ ಹೇಳ್ರಪ್ಪ. ಇದು ನನ್ನ ಕಾಲು, ಬಸ್ಸಿನ ಗೇರಲ್ಲ."

ಎಲ್ಲರೂ ನಕ್ಕರು. ನಗು ಇನ್ನೂ ಇಳಿದಿರಲಿಲ್ಲ, ಬೂಟು ನೋಡುತ್ತಿದ್ದ ಹುಡುಗಿ ಹೇಳಿದಳು, "ನೋವಲ್ಲ ಮೇಡಂ... ಗಾಯದ ಕಲೆ ಒಳಗಡೆ ಅಂಟಿಕೊಂಡಿದೆ ಅನ್ಸುತ್ತೆ."

"ಯಾಕೆ ಹಂಗನ್ಸುತ್ತೆ?" ಎಂದರು ಟೀಚರ್. ಮತ್ತೆ ಸುಮ್ಮನಾದರು.

ಈ ಸಲ ಎಷ್ಟು ಸೆಕೆಂಡು ಎಂದು ಬೆಂಚು ಮೇಡಂ ನೋಡಿರಲಿಲ್ಲ. ಒಂದು ಕೈಯಲ್ಲಿ ದಿಂಬಿತ್ತು, ಇನ್ನೊಂದರಿಂದ ಗಡಿಯಾರ ಯಾವಾಗಲೋ ಜಾರಿತ್ತು.

ಆಮೇಲೆ ಕೈ ತೊಳೆಯುವಾಗ ಕೇಳಿದರು, "ಇದನ್ನ ಎಲ್ಲಿ ಕಲಿತ್ರಿ?"

"ನಿಮ್ಮ ಅಕ್ಕನ ಹತ್ರವೇ. ನಮ್ಮ ಬ್ಯಾಚಿಗೆ ಅವರು ಏನೂ ಹೇಳಿಕೊಡಲೇ ಇಲ್ಲ ಮೇಡಂ, ನಿಜವಾಗಿ. ಪ್ರಶ್ನೆ ಕೇಳೋರು, ನೀರು ಕುಡಿಯೋಕೆ ಅಂತ ಹೊರಗೆ ಹೋಗಿಬಿಡೋರು. ನಾವು ಇಪ್ಪತ್ನಾಲ್ಕು ಜನ ಪೆಚ್ಚುಮೋರೆ ಹಾಕ್ಕೊಂಡು ಒಬ್ಬರನ್ನೊಬ್ಬರು ನೋಡೋದು. ಕೊನೆಗೆ ನಾವೇ ಮಾತಾಡ್ಕೊಂಡು ಉತ್ತರ ಹುಡುಕಿರ್ತಿದ್ವಿ. ಅಷ್ಟು ನೀರು ಕುಡಿಯೋ ಹೆಂಗಸನ್ನ ನಾನು ನೋಡೇ ಇಲ್ಲ."

ಹಾಳೆಯ ಹನ್ನೆರಡನೇ ಪ್ರಶ್ನೆಗೆ ಬೆಂಚು ಮೇಡಂ ಉತ್ತರ ಬರೆದರು. ಏಳನೆಯದನ್ನು ಖಾಲಿ ಬಿಟ್ಟರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಹೇಳಬೇಕೆಂದರೆ ಇದನ್ನು ಹೇಳಲು ಇದ್ದದ್ದು ಒಬ್ಬರೇ.

ಭಾನುವಾರ ಹನ್ನೊಂದಕ್ಕೆ ಅವರು ಬಟ್ಟೆ ನೆನೆಹಾಕಲಿಲ್ಲ. ಎರಡನೇ ಕುರ್ಚಿಯ ಮೇಲಿನ ಹಾಳೆಗಳನ್ನು ನೆಲಕ್ಕಿಳಿಸಿ, ಅದರಲ್ಲಿ ಕೂತು ಫೋನ್ ಮಾಡಿದರು. ಆರು ಸಲ ರಿಂಗಾಯಿತು. ಆ ಕಡೆ ಎತ್ತಿದರು. ಹಲೋ ಎನ್ನಲಿಲ್ಲ.

"ಅಕ್ಕ, ನಾನು," ಎಂದರು. "ನಿನ್ನ ಮೊದಲ ಬ್ಯಾಚಿನ ಒಬ್ಬಳನ್ನ ನೋಡ್ಕೊಂಡು ಬಂದೆ. ರೋಗಿ ಕಾಲು ಹಿಡ್ಕೊಂಡು ಪ್ರಶ್ನೆ ಕೇಳಿ ಸುಮ್ಮನೆ ನಿಂತಳು. ಹುಡುಗಿ ಉತ್ತರ ಹೇಳಿದ್ಲು. ನೀನು ನೀರು ಕುಡಿಯೋಕೆ ಹೋಗ್ತಿದ್ದದ್ದು ಅವಳಿಗೆ ಇನ್ನೂ ನೆನಪಿದೆ. ಅದನ್ನ ನಾನು ಅಳೆಯಲೇ ಇಲ್ಲ ಅಕ್ಕ. ನೀರು ಕುಡಿಯೋಕೆ ಹೋಗೋದನ್ನ ಮತ್ತೆ ಶುರು ಮಾಡ್ತೀಯಾ?"

ಉತ್ತರ ಬರಲಿಲ್ಲ. ಬೆಂಚು ಮೇಡಂ ಇನ್ನೊಂದು ಮಾತು ಸೇರಿಸಲು ಹೊರಟವರು ತಡೆದುಕೊಂಡರು. ಕೆಳಗಿನ ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಅದು ಕೊನೆಗೂ ಸ್ಟಾರ್ಟ್ ಆಗಿ, ಬೀದಿಯ ತಿರುವಿನಲ್ಲಿ ಸದ್ದು ಕರಗಿತು.

"ಎಷ್ಟು ಸೆಕೆಂಡಾಯ್ತು?" ಎಂದಿತು ಅಕ್ಕನ ದನಿ.

"ನೋಡಿಲ್ಲ ಅಕ್ಕ."

"ಹೂಂ," ಎಂದರು ಅಕ್ಕ. ಆಮೇಲೆ, "ಒಲೆ ಮೇಲೆ ಹಾಲಿದೆ," ಎಂದು ಇಟ್ಟುಬಿಟ್ಟರು.

ಮುಂದಿನ ಭಾನುವಾರವೂ ಫೋನ್ ಬರಲಿಲ್ಲ. ಹನ್ನೊಂದೂ ಐದಕ್ಕೆ ಬೆಂಚು ಮೇಡಂ ತಾವೇ ಮಾಡಿದರು. ಈ ಸಲ ನಾಲ್ಕನೇ ರಿಂಗಿಗೆ ಎತ್ತಿದರು.